ಕೀಮೋ ಆಗಿ 17ನೇ ದಿನ ಅಪ್ಪನ ಮೈತುಂಬ ದದ್ದು. ಯಾವ ಮಾತ್ರೆಯಿಂದ ಇರಬಹುದು?

ಸಾಗರದ ಮಗಳು
ಭಾನುವಾರ, ಸಂಜೆ 6:50

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಓದುತ್ತಿದ್ದೆ ಅಷ್ಟೇ, ಬರೆಯುತ್ತಿರುವುದು ಇದೇ ಮೊದಲು. ಅಪ್ಪನಿಗೆ 63 ವರ್ಷ. ಸಿಎಲ್ಎಲ್ (ನಿಧಾನಕ್ಕೆ ಬೆಳೆಯುವ ಒಂದು ರಕ್ತ ಕ್ಯಾನ್ಸರ್) ಅಂತ ಗೊತ್ತಾದ ಮೇಲೆ ಎರಡು ವರ್ಷ ಬರೀ ರಕ್ತ ಪರೀಕ್ಷೆ ಮಾಡಿಸುತ್ತಾ ಕಾದೆವು. ಈ ತಿಂಗಳು ಚಿಕಿತ್ಸೆ ಶುರುವಾಯಿತು. ಬೆಂಡಾಮುಸ್ಟಿನ್ ಅನ್ನುವ ಕೀಮೋ ಡ್ರಿಪ್ ಎರಡು ದಿನ, ಜೊತೆಗೆ ರಿಟುಕ್ಸಿಮ್ಯಾಬ್ ಡ್ರಿಪ್. ಮನೆಗೆ ಕಳಿಸುವಾಗ ಯೂರಿಕ್ ಆ್ಯಸಿಡ್ ಏರದಿರಲು ಅಲೋಪ್ಯೂರಿನಾಲ್ ದಿನಕ್ಕೊಂದು, ಸೋಂಕು ಬರದಿರಲು ಕೋಟ್ರೈಮಾಕ್ಸಜೋಲ್ ವಾರಕ್ಕೆ ಮೂರು ದಿನ, ಮತ್ತೆ ವೈರಸ್ ತಡೆಯಲು ಅಸೈಕ್ಲೋವಿರ್ ಕೊಟ್ಟಿದ್ದಾರೆ.

ಇವತ್ತು ಬೆಳಿಗ್ಗೆ ಸ್ನಾನಕ್ಕೆ ಬನಿಯನ್ ತೆಗೆದಾಗ ಅಮ್ಮ ನೋಡಿದ್ದು. ಬೆನ್ನು, ಹೊಟ್ಟೆ, ತೋಳಿನ ಒಳಭಾಗದಲ್ಲಿ ರಾಗಿ ಕಾಳಿನಷ್ಟು ಚಿಕ್ಕ ದದ್ದು. ಕೆಲವು ಕಡೆ ಒಂದಕ್ಕೊಂದು ಕೂಡಿಕೊಂಡಿವೆ. ತುರಿಕೆ ಇದೆ. ಅಮ್ಮ ಪಿತ್ತಗಂದೆ ಅಂದುಕೊಂಡು ಕಂಬಳಿ ಹೊದಿಸಿ ಕೂರಿಸಿದ್ದರು. ಮಧ್ಯಾಹ್ನಕ್ಕೆ ಎದೆಗೂ ಬಂತು. ಈಗ ಕಹಿಬೇವು, ಅರಿಶಿನ ಅರೆದು ಹಚ್ಚೋಣ ಅನ್ನುತ್ತಿದ್ದಾರೆ.

ನಾನು ಬೆಂಗಳೂರಿನಲ್ಲಿದ್ದೇನೆ. ವಿಡಿಯೋ ಕಾಲ್‌ನಲ್ಲಿ ನೋಡಿದ್ದಷ್ಟೇ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿದರೆ ಸಾಕಾಗುತ್ತಾ?

ಡೇ ಕೇರ್ ಸಿಸ್ಟರ್
ಭಾನುವಾರ, ಸಂಜೆ 7:02

ನಾಳೆ ಬೇಡ. ಈಗಲೇ ಮಾಡಿ. ಡಿಸ್ಚಾರ್ಜ್ ಪೇಪರ್ ಮೇಲೆ ಎಮರ್ಜೆನ್ಸಿ ನಂಬರ್ ಇರುತ್ತದೆ, ಭಾನುವಾರವೂ ಎತ್ತುತ್ತಾರೆ.

ನಾನು ಡಾಕ್ಟರ್ ಅಲ್ಲ. 14 ವರ್ಷದಿಂದ ಕೀಮೋ ಡೇ ಕೇರ್‌ನಲ್ಲಿ ಇದ್ದೇನೆ. ಫೋನ್ ಮಾಡಿದಾಗ ಅವರು ಕೇಳುವುದನ್ನೇ ಇಲ್ಲಿ ಕೇಳುತ್ತೇನೆ, ಅಮ್ಮನ ಹತ್ತಿರ ನೋಡಿಸಿ ಇಟ್ಟುಕೊಳ್ಳಿ. ಜ್ವರ ಎಷ್ಟಿದೆ? ತುಟಿ, ಬಾಯೊಳಗೆ, ಕಣ್ಣು, ಮೂತ್ರ ಮಾಡುವ ಜಾಗದಲ್ಲಿ ಹುಣ್ಣು ಅಥವಾ ಉರಿ ಇದೆಯಾ? ಬರೀ ತುರಿಕೆಯಾ, ಮುಟ್ಟಿದರೆ ನೋವಾ? ಮುಖ ಊದಿದೆಯಾ? ನೀರುಗುಳ್ಳೆ ಇದೆಯಾ?

ಇನ್ನೊಂದು. ಗಾಜಿನ ಲೋಟ ತಗೊಂಡು ದದ್ದಿನ ಮೇಲೆ ಒತ್ತಿ ಗಾಜಿನ ಮೂಲಕ ನೋಡಿ. ಬಣ್ಣ ಮಾಯವಾದರೆ ಒಂದು ಲೆಕ್ಕ. ಹಾಗೇ ಉಳಿದರೆ ಅದು ಚರ್ಮದ ಕೆಳಗಿನ ರಕ್ತದ ಚುಕ್ಕೆ ಇರಬಹುದು, ಪ್ಲೇಟ್‌ಲೆಟ್ ಕಡಿಮೆಯಾದಾಗ ಹಾಗಾಗುತ್ತದೆ. ಅದು ಕಾಲಿನ ಮೇಲೆ ಜಾಸ್ತಿ ಕಾಣುತ್ತದೆ.

ಅರಿಶಿನ ದಯವಿಟ್ಟು ಹಚ್ಚಬೇಡಿ. ಹಳದಿ ಮೆತ್ತಿಕೊಂಡರೆ ಡಾಕ್ಟರಿಗೆ ಬಣ್ಣವೇ ಕಾಣುವುದಿಲ್ಲ. ನಮ್ಮ ಮೈಬಣ್ಣದಲ್ಲಿ ಕೆಂಪು ಮೊದಲೇ ಸರಿಯಾಗಿ ಕಾಣಲ್ಲ, ಕಂದು ಅಥವಾ ನೇರಳೆ ಥರ ಕಾಣುತ್ತದೆ. ಎಷ್ಟೋ ಸಲ ಕೈಯಾಡಿಸಿದಾಗಲೇ ಗೊತ್ತಾಗುವುದು.

ಸಾಗರದ ಮಗಳು
ಭಾನುವಾರ, ಸಂಜೆ 7:44

ಸಿಸ್ಟರ್, ಫೋನ್ ಮಾಡಿದೆ, ಡ್ಯೂಟಿ ಡಾಕ್ಟರ್ ಎತ್ತಿದರು. ಜ್ವರ 100.8 ಇದೆ. ಬಾಯಿ, ಕಣ್ಣು ಸರಿಯಾಗಿವೆ. ಗಾಜು ಒತ್ತಿದರೆ ಬಣ್ಣ ಹೋಗುತ್ತದೆ. ಇವತ್ತು ರಾತ್ರಿಯ ಯಾವ ಮಾತ್ರೆಯನ್ನೂ ಕೊಡದೆ, ಎಲ್ಲಾ ಮಾತ್ರೆ ಪಟ್ಟಿಗಳನ್ನು ಚೀಲದಲ್ಲಿ ಹಾಕಿಕೊಂಡು ತಕ್ಷಣ ಬನ್ನಿ ಅಂದರು. ಚಿಕ್ಕಪ್ಪನ ಮಗ ಕಾರು ತಂದಿದ್ದಾನೆ, ಹೊರಟಿದ್ದಾರೆ. ನಾನು ರಾತ್ರಿ ಬಸ್ಸಿಗೆ ಹೊರಡುತ್ತೇನೆ.

ಒಂದು ವಿಷಯ ಈಗ ಗೊತ್ತಾಯಿತು. ಅಮ್ಮ ಚೀಲಕ್ಕೆ ಮಾತ್ರೆ ತುಂಬುವಾಗ ನಮಗೆ ಗೊತ್ತಿಲ್ಲದ ಒಂದು ಸ್ಟ್ರಿಪ್ ಸಿಕ್ಕಿದೆ. ಅಮಾಕ್ಸಿಸಿಲಿನ್. ಆರು ದಿನದ ಹಿಂದೆ ಕೆಮ್ಮು ಅಂತ ಅಪ್ಪ ಊರಿನ ಕ್ಲಿನಿಕ್‌ಗೆ ಹೋಗಿ ತಂದಿದ್ದಾರೆ. ಹತ್ತು ಮಾತ್ರೆ ಖಾಲಿಯಾಗಿವೆ.

ಮಂಡ್ಯದ ಗೌಡ್ರು
ಭಾನುವಾರ, ರಾತ್ರಿ 8:15

ಒಳ್ಳೇದಾಗ್ಲಿ ತಾಯಿ. ಆದರೆ ಆ ಕ್ಲಿನಿಕ್‌ನವರನ್ನು ಸುಮ್ನೆ ಬಿಡಬೇಡಿ. ಕ್ಯಾನ್ಸರ್ ಪೇಷಂಟ್‌ಗೆ ಏನೂ ಕೇಳದೆ ಆ್ಯಂಟಿಬಯೋಟಿಕ್ ಕೊಡೋದಾ?

ತುಮಕೂರಿನ ಔಷಧಿ ಅಂಗಡಿ
ಭಾನುವಾರ, ರಾತ್ರಿ 9:30

ಮಗಳೇ, ಕಾರು ಹೊರಟಿದೆಯಲ್ಲ, ಅದೇ ದೊಡ್ಡದು. ದಾರಿಯಲ್ಲಿ ಓದಲು ಇದನ್ನು ಬರೆಯುತ್ತಿದ್ದೇನೆ. ನಾನು ಫಾರ್ಮಸಿಸ್ಟ್, ಅಂಗಡಿ ಇಟ್ಟು 22 ವರ್ಷವಾಯಿತು.

ಅಲೋಪ್ಯೂರಿನಾಲ್ ಮತ್ತು ಅಮಾಕ್ಸಿಸಿಲಿನ್ ಗುಂಪಿನ ಔಷಧಿ ಒಟ್ಟಿಗೆ ಬಿದ್ದರೆ ದದ್ದು ಏಳುವುದು ಜಾಸ್ತಿ. ಇದು ಹೊಸ ಸಂಗತಿ ಅಲ್ಲ. 1972ರಲ್ಲಿ ಅಮೆರಿಕದ ಬಾಸ್ಟನ್‌ನವರು ಆಸ್ಪತ್ರೆ ಸೇರಿದ ರೋಗಿಗಳ ಲೆಕ್ಕ ತೆಗೆದಿದ್ದರು. ಆಂಪಿಸಿಲಿನ್ ಮಾತ್ರ ತಗೊಂಡವರಲ್ಲಿ ನೂರಕ್ಕೆ ಏಳೆಂಟು ಜನಕ್ಕೆ ದದ್ದು. ಆಂಪಿಸಿಲಿನ್ ಜೊತೆ ಅಲೋಪ್ಯೂರಿನಾಲ್ ಕೂಡ ತಗೊಂಡವರಲ್ಲಿ ನೂರಕ್ಕೆ 22 ಜನಕ್ಕೆ. ಅಮಾಕ್ಸಿಸಿಲಿನ್ ಅದರ ತಮ್ಮನಿದ್ದ ಹಾಗೆ. ಅದರ ಮೇಲೆ, ಸಿಎಲ್ಎಲ್ ಇರುವವರಿಗೆ ಈ ಗುಂಪಿನ ಔಷಧಿಯಿಂದ ದದ್ದು ಬರುವುದು ಬೇರೆಯವರಿಗಿಂತ ಹೆಚ್ಚು.

ಆದರೆ ಅದೊಂದೇ ಅಂತ ತೀರ್ಮಾನ ಮಾಡಬೇಡಿ. ಬೆಂಡಾಮುಸ್ಟಿನ್‌ಗೂ ದದ್ದು ಬರಿಸುವ ಗುಣ ಇದೆ. ಬೆಂಡಾಮುಸ್ಟಿನ್ ಮತ್ತು ಅಲೋಪ್ಯೂರಿನಾಲ್ ಒಟ್ಟಿಗೆ ಇದ್ದಾಗ ಚರ್ಮ ಸುಲಿಯುವಂಥ ಕೆಟ್ಟ ಪ್ರತಿಕ್ರಿಯೆ ಆದದ್ದುಂಟು, ಹಾಗಂತ ಔಷಧಿಯ ಮಾಹಿತಿ ಹಾಳೆಯಲ್ಲೇ ಎಚ್ಚರಿಕೆ ಇದೆ. ಕೋಟ್ರೈಮಾಕ್ಸಜೋಲ್ ಸಲ್ಫಾ ಮಾತ್ರೆ, ಅದರದ್ದೂ ಇದೇ ಕಥೆ. ಈ 17 ದಿನದೊಳಗೆ ಅಪ್ಪನ ಮೈಗೆ ನಾಲ್ಕು ಅನುಮಾನದ ಔಷಧಿಗಳು ಸೇರಿದವು ಅಂತಾಯಿತು.

ಪ್ರತಿಯೊಂದು ಮಾತ್ರೆಯನ್ನೂ ಶುರು ಮಾಡಿದ ತಾರೀಕು ಬರೆದುಕೊಂಡು ಹೋಗಿ. ಡಾಕ್ಟರಿಗೆ ಅದೇ ದೊಡ್ಡ ಸಹಾಯ. ಸಾಮಾನ್ಯ ದದ್ದು ಔಷಧಿ ಶುರುವಾಗಿ ಒಂದೆರಡು ವಾರದಲ್ಲಿ ಏಳುತ್ತದೆ. ಚರ್ಮ ಸುಲಿಯುವ ಸ್ಟೀವನ್ಸ್ ಜಾನ್ಸನ್ ಹೆಚ್ಚಾಗಿ ಮೊದಲ ನಾಲ್ಕು ವಾರದ ಒಳಗೆ. ಮುಖ ಊದಿ, ಗಂಟುಗಳು ಎದ್ದು, ಲಿವರ್‌ಗೂ ತಗಲುವ ಡ್ರೆಸ್ ಅನ್ನುವುದು ಎರಡರಿಂದ ಎಂಟು ವಾರ ಕಳೆದ ಮೇಲೂ ಬರಬಹುದು. ತಾರೀಕು ಗೊತ್ತಿದ್ದರೆ ಅರ್ಧ ಉತ್ತರ ಸಿಕ್ಕ ಹಾಗೆ.

ಸಾಗರದ ಮಗಳು
ಸೋಮವಾರ, ಬೆಳಿಗ್ಗೆ 11:20

ಆಸ್ಪತ್ರೆಯಿಂದಲೇ ಬರೆಯುತ್ತಿದ್ದೇನೆ. ಅಡ್ಮಿಟ್ ಮಾಡಿಕೊಂಡಿದ್ದಾರೆ. ಚರ್ಮದ ಡಾಕ್ಟರ್ ಬಂದು ತುಟಿ ಮಡಚಿ, ರೆಪ್ಪೆ ಎತ್ತಿ, ಅಂಗಾಲಿನ ತನಕ ನೋಡಿದರು. ಸದ್ಯಕ್ಕೆ ಸುಲಿಯುವ ಥರದ್ದಲ್ಲ ಅಂದರು. ಬಿಳಿ ರಕ್ತಕಣದ ಕೌಂಟ್ ಕಡಿಮೆ ಇದೆ, ಅದಕ್ಕೇ ಜ್ವರಕ್ಕೆ ಬೇರೆ ಗುಂಪಿನ ಆ್ಯಂಟಿಬಯೋಟಿಕ್ ಡ್ರಿಪ್ ಹಾಕಿದ್ದಾರೆ. ಅಲೋಪ್ಯೂರಿನಾಲ್, ಅಮಾಕ್ಸಿಸಿಲಿನ್, ಕೋಟ್ರೈಮಾಕ್ಸಜೋಲ್ ಮೂರೂ ನಿಲ್ಲಿಸಿದರು. ಲಿವರ್, ಕಿಡ್ನಿ ಪರೀಕ್ಷೆಗೆ ರಕ್ತ ಕಳಿಸಿದ್ದಾರೆ.

ಗೌಡ್ರೇ, ನಿಮ್ಮ ಮಾತಿಗೆ ಉತ್ತರ ಬರೆಯಬೇಕು ಅನ್ನಿಸಿತು. ಕ್ಲಿನಿಕ್‌ನವರು ಕೇಳಿದ್ದರಂತೆ, ಬೇರೆ ಏನಾದರೂ ಮಾತ್ರೆ ತಗೋತೀರಾ ಅಂತ. ಅಪ್ಪ ಬಿಪಿ ಮಾತ್ರೆ ಒಂದೇ ಅಂದಿದ್ದಾರೆ. ಅಲ್ಲಿನ ಕಾಂಪೌಂಡರ್ ನಮ್ಮ ಕೇರಿಯವರು. ತಂಗಿಗೆ ಗಂಡು ನೋಡುತ್ತಿದ್ದೇವೆ. ಕ್ಯಾನ್ಸರ್ ಅನ್ನುವ ಮಾತು ಸಂಜೆಯೊಳಗೆ ಊರೆಲ್ಲ ಹಬ್ಬುತ್ತೆ ಅಂತ ಅಪ್ಪ ಬಾಯಿ ಬಿಡಲಿಲ್ಲ. ಬೆಳಿಗ್ಗೆ ನಾನು ಬಂದಾಗ ನನ್ನ ಕೈ ಹಿಡಿದುಕೊಂಡು ಇದನ್ನು ಹೇಳುವಾಗ ಅತ್ತರು. ನಾನೂ ಯಾರಿಗೂ ಹೇಳಬೇಡಿ ಅಂತ ಅವರಿಗೆ ಹೇಳಿದ್ದೆ. ಆ ಮಾತು ನೆನಪಾಗಿ ಹೊಟ್ಟೆಯೊಳಗೆ ಕಿವುಚಿದ ಹಾಗಾಗುತ್ತದೆ.

ಪುಟ್ಟಿಯ ಅಮ್ಮ, ಹಾವೇರಿ
ಸೋಮವಾರ, ಮಧ್ಯಾಹ್ನ 2:10

ತಂಗಿ, ನೀವೊಬ್ಬರೇ ಅಲ್ಲ. ನಮ್ಮ ಪುಟ್ಟಿಗೆ ನಾಲ್ಕು ವರ್ಷ ಇದ್ದಾಗ ಎಎಲ್ಎಲ್ ಅನ್ನುವ ರಕ್ತ ಕ್ಯಾನ್ಸರ್ ಬಂತು. ನಾವೂ ಬೀದಿಯವರಿಗೆ ರಕ್ತ ಕಡಿಮೆ ಇದೆ ಅಂತಲೇ ಹೇಳಿಕೊಂಡು ತಿರುಗಿದೆವು. ಕೂದಲು ಹೋದಾಗ ದೇವರಿಗೆ ಮುಡಿ ಕೊಟ್ಟಿದ್ದೇವೆ ಅಂದೆವು.

ಮೆಂಟೆನೆನ್ಸ್ (ಕಾಯಿಲೆ ಮರಳದಿರಲಿ ಅಂತ ಮನೆಯಲ್ಲೇ ಕೊಡುವ ಮಾತ್ರೆಗಳ ಹಂತ) ನಡೆಯುವಾಗ ಆದದ್ದು ಹೇಳುತ್ತೇನೆ. ದಿನಾ ರಾತ್ರಿ 6-ಎಂಪಿ, ಮಂಗಳವಾರ ಮೆಥೊಟ್ರೆಕ್ಸೇಟ್ (ಎರಡೂ ಕೀಮೋ ಮಾತ್ರೆಗಳೇ), ಶನಿವಾರ ಭಾನುವಾರ ಕೋಟ್ರೈಮಾಕ್ಸಜೋಲ್. ಹೀಗೇ ಒಂದು ವರ್ಷ ಚೆನ್ನಾಗಿ ನಡೆಯಿತು. ಜಾತ್ರೆಗೆ ತವರಿಗೆ ಹೋದಾಗ ಮಗುವಿಗೆ ಕಿವಿ ನೋವು, ಕೆಮ್ಮು. ಅಲ್ಲಿಯ ಡಾಕ್ಟರ್ ಒಂದು ಸಿರಪ್ ಬರೆದರು, ದಿನಕ್ಕೆ ಎರಡು ಸಲ, ಏಳು ದಿನ. ಜೊತೆಗೆ ಐಬುಪ್ರೊಫೆನ್. ಆ ಸಿರಪ್ಪೂ ಕೋಟ್ರೈಮಾಕ್ಸಜೋಲೇ ಅಂತ ನಮಗೆ ಹೊಳೆಯಲೇ ಇಲ್ಲ. ಹೆಸರು ಬೇರೆ ಇತ್ತು. ಆ ವಾರದ ಮೆಥೊಟ್ರೆಕ್ಸೇಟನ್ನೂ ಕೊಟ್ಟೆವು.

ಎಂಟನೇ ದಿನಕ್ಕೆ ಬಾಯಿತುಂಬ ಹುಣ್ಣು. ಕೆನ್ನೆಯ ಒಳಗೆ ಬಿಳಿ ಪೊರೆ. ಕಂಕುಳಲ್ಲಿ, ತೊಡೆ ಸಂದಿಯಲ್ಲಿ ಚರ್ಮ ಕೆಂಪಾಗಿ ಸುಲಿಯಿತು. ಅನ್ನದ ಗಂಜಿ ಬಾಯಿಗಿಟ್ಟರೆ ಕಿರುಚುತ್ತಿದ್ದಳು. ಕೌಂಟ್ ಪೂರ್ತಿ ಬಿದ್ದಿತ್ತು. 12 ದಿನ ಆಸ್ಪತ್ರೆಯಲ್ಲಿದ್ದೆವು. ಮೆಥೊಟ್ರೆಕ್ಸೇಟಿನ ಹೊಡೆತ ತಗ್ಗಿಸುವ ಫೋಲಿನಿಕ್ ಆ್ಯಸಿಡ್ ಇಂಜೆಕ್ಷನ್ ಕೊಟ್ಟ ಮೇಲೆ ನಿಧಾನಕ್ಕೆ ಮೇಲೆದ್ದಳು. ಈಗ ಐದನೇ ಕ್ಲಾಸು. ಔಷಧಿ ನಿಂತು ಮೂರು ವರ್ಷವಾಯಿತು.

ಬೀದರ್ ಅಪ್ಪ
ಸೋಮವಾರ, ಮಧ್ಯಾಹ್ನ 3:00

ಅಕ್ಕಾ, ಇದನ್ನು ಓದಿ ಭಯ ಆಯಿತು. ನನ್ನ ಮಗನಿಗೂ ಮೆಥೊಟ್ರೆಕ್ಸೇಟ್ ಮತ್ತು ವಾರಾಂತ್ಯದ ಸಲ್ಫಾ ಮಾತ್ರೆ ಎರಡೂ ಇವೆ. ನಿಲ್ಲಿಸಿಬಿಡಲಾ?

ಡೇ ಕೇರ್ ಸಿಸ್ಟರ್
ಸೋಮವಾರ, ಮಧ್ಯಾಹ್ನ 3:25

ಇಲ್ಲ! ದಯವಿಟ್ಟು ನಿಲ್ಲಿಸಬೇಡಿ. ವಾರಾಂತ್ಯದ ಆ ಮಾತ್ರೆ ಇರುವುದು ನ್ಯುಮೋಸಿಸ್ಟಿಸ್ ಅನ್ನುವ ಕೆಟ್ಟ ನ್ಯುಮೋನಿಯಾ ಬರದಿರಲಿ ಅಂತ. ಈ ಮಕ್ಕಳಿಗೆ ಅದು ಬಂದರೆ ಜೀವಕ್ಕೇ ಅಪಾಯ. ಡಾಕ್ಟರು ಎರಡನ್ನೂ ಗೊತ್ತಿದ್ದೇ ಕೊಟ್ಟಿದ್ದಾರೆ, ಕಡಿಮೆ ಡೋಸ್‌ನಲ್ಲಿ, ಕೌಂಟ್ ನೋಡುತ್ತಾ.

ಪುಟ್ಟಿಗೆ ಆದದ್ದೇ ಬೇರೆ. ಮೆಥೊಟ್ರೆಕ್ಸೇಟ್ ಕೆಲಸ ಮಾಡುವುದೇ ಜೀವಕೋಶಕ್ಕೆ ಬೇಕಾದ ಫೋಲೇಟ್ ದಾರಿಯನ್ನು ಕಟ್ಟಿ. ಕೋಟ್ರೈಮಾಕ್ಸಜೋಲ್ ಕೂಡ ಅದೇ ದಾರಿಗೆ ಅಡ್ಡ ನಿಲ್ಲುತ್ತದೆ, ಜೊತೆಗೆ ಮೆಥೊಟ್ರೆಕ್ಸೇಟ್ ಕಿಡ್ನಿಯಿಂದ ಹೊರಗೆ ಹೋಗುವುದನ್ನೂ ನಿಧಾನ ಮಾಡುತ್ತದೆ. ಐಬುಪ್ರೊಫೆನ್‌ನಿಂದಲೂ ಅದು ನಿಧಾನವಾಗಬಹುದು. ದಿನಾ ಪೂರ್ತಿ ಡೋಸ್ ಬಿದ್ದಾಗ ಮೆಥೊಟ್ರೆಕ್ಸೇಟ್ ಮೈಯಲ್ಲೇ ಉಳಿಯಿತು. ಮೊದಲು ಹೊಡೆತ ಬೀಳುವುದು ಬೇಗ ಬೇಗ ಬೆಳೆಯುವ ಜಾಗಕ್ಕೆ. ಬಾಯಿ, ಚರ್ಮ, ಅಸ್ಥಿಮಜ್ಜೆ.

ಬೀದರ್ ಅಣ್ಣ, ನೀವು ಮಾಡಬೇಕಾದ್ದು ಇಷ್ಟೇ. ಹೊರಗಿನ ಡಾಕ್ಟರ್ ಯಾವ ಸಿರಪ್ ಬರೆದರೂ ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿರುವ ಮೂಲ ಹೆಸರು ಓದಿ, ಫೋಟೋ ತೆಗೆದು ನಿಮ್ಮ ಕ್ಯಾನ್ಸರ್ ವಾರ್ಡಿಗೆ ಕಳಿಸಿ, ಆಮೇಲೆ ಕೊಡಿ. ಜ್ವರ 100.4 ಮುಟ್ಟಿದರೆ ಊರಿನ ಕ್ಲಿನಿಕ್ ಬೇಡವೇ ಬೇಡ, ನೇರ ನಿಮ್ಮ ಆಸ್ಪತ್ರೆಗೆ.

ಇನ್ನೊಂದು ಮಾತು, ಮಕ್ಕಳ ತಾಯಂದಿರಿಗೆ. ಮನೆಯಲ್ಲೋ ಪಕ್ಕದ ಮನೆಯಲ್ಲೋ ಮಗುವಿಗೆ 'ಅಮ್ಮ' ಆಗಿದೆ ಅಂತ ಗೊತ್ತಾದರೆ, ನಿಮ್ಮ ಮಗುವಿನ ಮೇಲೆ ಒಂದು ಗುಳ್ಳೆ ಏಳುವ ತನಕ ಕಾಯಬೇಡಿ. ಅವತ್ತೇ ಫೋನ್ ಮಾಡಿ. ಕೀಮೋ ನಡೆಯುತ್ತಿರುವ ಮಗುವಿಗೆ ಸೀತಾಳೆ ಸಿಡುಬು ಶ್ವಾಸಕೋಶಕ್ಕೆ, ಲಿವರ್‌ಗೆ ಇಳಿಯಬಹುದು. ಎಲ್ಲಾ ದದ್ದೂ ಮಾತ್ರೆಯಿಂದಲೇ ಬಂದಿರಬೇಕು ಅಂತಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಪೂಜೆ ಮಾಡಿ, ಯಾರೂ ಬೇಡ ಅನ್ನಲ್ಲ. ಫೋನ್ ಮಾತ್ರ ಮೊದಲು ಮಾಡಿ.

11 ವರ್ಷದ ಇಮ್ಯಾಟಿನಿಬ್
ಸೋಮವಾರ, ಸಂಜೆ 6:30

ನನ್ನದು ಸಿಎಂಎಲ್, ಅದೂ ಒಂದು ರಕ್ತ ಕ್ಯಾನ್ಸರ್. ದಿನಾ ಒಂದು ಇಮ್ಯಾಟಿನಿಬ್ ಮಾತ್ರೆ, 11 ವರ್ಷವಾಯಿತು. ಮೊದಲ ಎರಡು ತಿಂಗಳಲ್ಲಿ ತೋಳಿನ ಮೇಲೆ ದದ್ದು ಬಂದಿತ್ತು. ಡಾಕ್ಟರ್ ಸ್ವಲ್ಪ ದಿನ ನಿಲ್ಲಿಸಿ, ಮತ್ತೆ ಕಡಿಮೆ ಡೋಸ್‌ನಿಂದ ಶುರು ಮಾಡಿಸಿದರು. ಆಮೇಲೆ ಬರಲೇ ಇಲ್ಲ. ಮೈಬಣ್ಣ ಮಾತ್ರ ಸ್ವಲ್ಪ ತಿಳಿಯಾಗಿದೆ, ಈ ಮಾತ್ರೆಗೆ ಅದೂ ಸಹಜವಂತೆ.

ನನಗೆ ತೊಂದರೆ ಕೊಟ್ಟಿದ್ದು ಹುಳುಕಡ್ಡಿ. ಸೊಂಟದ ಸುತ್ತ ಆಗಿತ್ತು. ಚರ್ಮದ ಡಾಕ್ಟರ್ ಇಟ್ರಾಕೊನಜೋಲ್ ಅನ್ನುವ ಫಂಗಸ್ ಮಾತ್ರೆ ಒಂದು ತಿಂಗಳಿಗೆ ಬರೆದರು. ಹುಳುಕಡ್ಡಿ ಮಾತ್ರ ತೋರಿಸಿದರೆ ಸಾಕು ಅಂತ ನಾನು ಇಮ್ಯಾಟಿನಿಬ್ ವಿಷಯ ಬಾಯಿ ಬಿಡಲಿಲ್ಲ. ಎರಡನೇ ವಾರಕ್ಕೆ ಕಣ್ಣಿನ ಕೆಳಗೆ ಚೀಲದ ಹಾಗೆ ಊತ, ಎದೆ ಮೇಲೆ ಹೊಸ ದದ್ದು. ಇಟ್ರಾಕೊನಜೋಲ್ ಲಿವರ್‌ನಲ್ಲಿ ಇಮ್ಯಾಟಿನಿಬ್ ಕರಗುವುದನ್ನು ತಡೆಯುತ್ತದಂತೆ. ಒಂದೇ ಮಾತ್ರೆ ನುಂಗುತ್ತಿದ್ದರೂ ರಕ್ತದಲ್ಲಿ ಅದರ ಪ್ರಮಾಣ ಏರಿತ್ತು. ಇಟ್ರಾಕೊನಜೋಲ್ ನಿಲ್ಲಿಸಿ ಹಚ್ಚುವ ಮುಲಾಮು ಕೊಟ್ಟರು, ಹತ್ತು ದಿನದಲ್ಲಿ ಊತ ಇಳಿಯಿತು.

ತುಮಕೂರಿನ ಔಷಧಿ ಅಂಗಡಿ
ಸೋಮವಾರ, ರಾತ್ರಿ 9:10

ಇಮ್ಯಾಟಿನಿಬ್ ಅವರೇ, ಇದನ್ನು ಬರೆದದ್ದು ತುಂಬಾ ಒಳ್ಳೆಯದಾಯಿತು. ನಮ್ಮ ಕಡೆ ಹುಳುಕಡ್ಡಿಗೆ ಇಟ್ರಾಕೊನಜೋಲ್ ದಿನಾ ಹೋಗುವ ಮಾತ್ರೆ. ಇದೇ ಮಾತ್ರೆ ವಿನ್‌ಕ್ರಿಸ್ಟಿನ್ ಅನ್ನುವ ಕೀಮೋ ಇಂಜೆಕ್ಷನ್ ತಗೊಳ್ಳುವ ಮಗುವಿಗೆ ಬಿದ್ದರೆ ನರಕ್ಕೆ ಪೆಟ್ಟಾಗಿ ಕಾಲು ಸೋಲಬಹುದು, ಮಲಬದ್ಧತೆ ಆಗಿ ಹೊಟ್ಟೆ ಉಬ್ಬಬಹುದು. ವೆನೆಟೊಕ್ಲ್ಯಾಕ್ಸ್ ಅನ್ನುವ ರಕ್ತ ಕ್ಯಾನ್ಸರ್ ಮಾತ್ರೆ ತಗೊಳ್ಳುವವರಿಗೂ ಫಂಗಸ್ ಮಾತ್ರೆಗಳ ಜೊತೆ ಡೋಸ್ ಬಹಳ ಇಳಿಸಬೇಕಾಗುತ್ತದೆ. ಅವರಿಗೆ ದಾರೆಹುಳಿ, ಗ್ರೇಪ್‌ಫ್ರೂಟ್ ಕೂಡ ಬೇಡ ಅನ್ನುತ್ತಾರೆ. ನಮ್ಮ ದೇವನಹಳ್ಳಿ ಚಕ್ಕೋತ ಗ್ರೇಪ್‌ಫ್ರೂಟ್‌ಗೆ ಹತ್ತಿರದ ನೆಂಟ, ಆದ್ದರಿಂದ ಅದನ್ನೂ ಡಾಕ್ಟರನ್ನು ಕೇಳಿಯೇ ತಿನ್ನಿ.

ಅಲೋಪ್ಯೂರಿನಾಲ್ ಬಗ್ಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ, ನನಗೆ ಅದು ಯಾವಾಗಲೂ ಕಾಡುತ್ತದೆ. ಗರ್ಟ್ರೂಡ್ ಎಲಿಯನ್ ಅನ್ನುವ ವಿಜ್ಞಾನಿ ಮತ್ತು ಅವರ ಜೊತೆಗಾರ ಜಾರ್ಜ್ ಹಿಚಿಂಗ್ಸ್ ಸೇರಿ 6-ಎಂಪಿ ಮಾಡಿದರು. ಮಕ್ಕಳ ರಕ್ತ ಕ್ಯಾನ್ಸರಿಗೆ ಅದು ಇವತ್ತಿಗೂ ಆಧಾರ. ಆದರೆ ಮೈ ಅದನ್ನು ಬೇಗ ಒಡೆದುಹಾಕುತ್ತಿತ್ತು. ಒಡೆಯದ ಹಾಗೆ ಕಾಯಲಿ ಅಂತ ಜೊತೆಗೆ ಕೊಟ್ಟು ನೋಡಿದ್ದೇ ಅಲೋಪ್ಯೂರಿನಾಲ್. 6-ಎಂಪಿಯ ಕೆಲಸ ಹೆಚ್ಚಿತು, ಅದರ ಜೊತೆ ವಿಷದ ಗುಣವೂ ಹೆಚ್ಚಿತು. ರಕ್ತದಲ್ಲಿ ಯೂರಿಕ್ ಆ್ಯಸಿಡ್ ಇಳಿದದ್ದು ಆಗ ಕಂಡಿತು, ಅಲ್ಲಿಂದ ಅದು ಗೌಟ್ (ಯೂರಿಕ್ ಆ್ಯಸಿಡ್ ಹೆಚ್ಚಾಗಿ ಬರುವ ಕೀಲು ನೋವು) ಔಷಧಿಯಾಯಿತು. ಇಬ್ಬರಿಗೂ 1988ರಲ್ಲಿ ನೊಬೆಲ್ ಬಂತು. ಆದ್ದರಿಂದಲೇ ಇವತ್ತಿಗೂ ಇವೆರಡನ್ನು ಒಟ್ಟಿಗೆ ಕೊಡಲೇಬೇಕಾದರೆ 6-ಎಂಪಿಯನ್ನು ಮೂರನೇ ಒಂದು, ನಾಲ್ಕನೇ ಒಂದು ಭಾಗಕ್ಕೆ ಇಳಿಸುತ್ತಾರೆ. ಮಂಡಿ ನೋವಿಗೆ ಮನೆಯಲ್ಲಿ ಅಜ್ಜ ತಗೊಳ್ಳುವ ಗೌಟ್ ಮಾತ್ರೆ ತಪ್ಪಿಯೂ ಮಗುವಿನ ಡಬ್ಬಿಗೆ ಸೇರಬಾರದು.

ದಾವಣಗೆರೆ ತಮ್ಮ
ಸೋಮವಾರ, ರಾತ್ರಿ 10:05

ಅಣ್ಣನಿಗೆ ಎಎಂಎಲ್, ಬೇಗ ಏರುವ ರಕ್ತ ಕ್ಯಾನ್ಸರ್. ಕೀಮೋ ಔಷಧಿ ಸೈಟರಬಿನ್ ಏಳು ದಿನ, ಡೌನೊರುಬಿಸಿನ್ ಮೂರು ದಿನ ಆಯಿತು. ಈಗ ಎರಡೂ ಅಂಗೈ ಕೆಂಪಾಗಿ ಉರಿ, ಚಮಚ ಹಿಡಿಯೋಕಾಗ್ತಿಲ್ಲ. ಅತ್ತಿಗೆ ಮದರಂಗಿ ಹಚ್ಚಿದರೆ ತಂಪು ಅಂತಿದ್ದಾರೆ. ಹಚ್ಚಬಹುದಾ?

ಡೇ ಕೇರ್ ಸಿಸ್ಟರ್
ಸೋಮವಾರ, ರಾತ್ರಿ 10:20

ಬೇಡ ತಮ್ಮಾ. ಬಿರುಕು ಬಿಟ್ಟ ಚರ್ಮದ ಮೇಲೆ ಮದರಂಗಿ ಬೇಡ, ಪ್ಯಾಕೆಟ್‌ದಂತೂ ಬೇಡವೇ ಬೇಡ, ಅದಕ್ಕೆ ಬಣ್ಣದ ರಾಸಾಯನಿಕ ಸೇರಿಸಿರುತ್ತಾರೆ. ಸೈಟರಬಿನ್‌ಗೆ ಅಂಗೈ ಅಂಗಾಲು ಹೀಗಾಗುವುದುಂಟು. ಅದು ಅಲರ್ಜಿ ಅಲ್ಲ, ಔಷಧಿಯೇ ಚರ್ಮಕ್ಕೆ ತಗಲಿದ್ದು. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ, ವಾಸನೆ ಇಲ್ಲದ ಮುಲಾಮು, ಕೈ ಉಜ್ಜದೆ ಒತ್ತಿ ಒರೆಸುವುದು. ನಾಳೆ ರೌಂಡ್ಸ್‌ನಲ್ಲಿ ಡಾಕ್ಟರಿಗೆ ತೋರಿಸಿ. ನೀರುಗುಳ್ಳೆ ಎದ್ದರೆ ರಾತ್ರಿಯೇ ಡ್ಯೂಟಿ ಸಿಸ್ಟರ್‌ಗೆ ಹೇಳಿ.

ಮಂಡ್ಯದ ಗೌಡ್ರು
ಮಂಗಳವಾರ, ಬೆಳಿಗ್ಗೆ 7:40

ಸಾಗರದ ತಾಯಿ, ನಾನು ದುಡುಕಿ ಬರೆದೆ, ಮನಸ್ಸಿಗೆ ಹಾಕ್ಕೋಬೇಡಿ. ನಮ್ಮಲ್ಲೂ ಇದೇ ಕಥೆ. ನನ್ನಾಕೆ ತೀರಿಕೊಳ್ಳೋ ತನಕ ನೆಂಟರಿಗೆ ಗ್ಯಾಸ್ಟ್ರಿಕ್ ಅಂತಲೇ ಹೇಳಿದ್ವಿ. ಅಪ್ಪಾರು ಹೇಗಿದ್ದಾರೆ?

ಸಾಗರದ ಮಗಳು
ಗುರುವಾರ, ಸಂಜೆ 5:15

ಗೌಡ್ರೇ, ಬೇಜಾರಿಲ್ಲ. ನೀವು ಕೇಳಿದ್ದರಿಂದಲೇ ನನಗೆ ಬರೆಯಲು ಆಯಿತು.

ಜ್ವರ ಮಂಗಳವಾರ ಬಿಟ್ಟಿತು. ದದ್ದು ಬುಧವಾರದ ತನಕ ಇಳಿಯಲೇ ಇಲ್ಲ, ತೊಡೆಗೂ ಬಂತು. ಔಷಧಿ ನಿಲ್ಲಿಸಿದ ಮೇಲೂ ಎರಡು ಮೂರು ದಿನ ಏರಬಹುದು ಅಂತ ಮೊದಲೇ ಹೇಳಿದ್ದರು, ಆದರೂ ಎದೆ ಹೊಡೆದುಕೊಂಡಿತು. ಇವತ್ತು ಬೆನ್ನಿನ ಮೇಲಿನದು ಕಂದಾಗಿ, ಅಡಿಕೆ ಸಿಪ್ಪೆಯ ಪುಡಿ ಥರ ಹೊಟ್ಟು ಉದುರುತ್ತಿದೆ. ಲಿವರ್, ಕಿಡ್ನಿ ಸರಿಯಾಗಿವೆ. ಇಯೊಸಿನೊಫಿಲ್ (ಅಲರ್ಜಿಯಾದಾಗ ಏರುವ ಬಿಳಿ ರಕ್ತಕಣ) ಸ್ವಲ್ಪ ಜಾಸ್ತಿ ಇದೆ, ಅದಕ್ಕೇ ಇನ್ನೆರಡು ವಾರ ರಕ್ತ ಪರೀಕ್ಷೆ ಮಾಡಿಸಬೇಕು.

ಯಾವ ಮಾತ್ರೆ ಅಂತ ಕೇಳಿದೆ. ಅಲೋಪ್ಯೂರಿನಾಲ್ ಜೊತೆ ಅಮಾಕ್ಸಿಸಿಲಿನ್ ಸೇರಿದ್ದರ ಮೇಲೆ ಜಾಸ್ತಿ ಅನುಮಾನ, ಆದರೆ ಇದೇ ಅಂತ ಬೊಟ್ಟು ಮಾಡಿ ತೋರಿಸಲು ಆಗಲ್ಲ ಅಂದರು. ಖಚಿತ ಮಾಡಿಕೊಳ್ಳಲು ಮತ್ತೆ ಕೊಟ್ಟು ನೋಡುವ ಹಾಗಿಲ್ಲ. ಅಲೋಪ್ಯೂರಿನಾಲ್ ಮತ್ತು ಅಮಾಕ್ಸಿಸಿಲಿನ್ ಸೇರಿದ ಪೆನಿಸಿಲಿನ್ ಗುಂಪು ಇನ್ನು ಮುಂದೆ ಬೇಡ ಅಂತ ಫೈಲ್ ಮೇಲೆ ಕೆಂಪು ಇಂಕಿನಲ್ಲಿ ಬರೆದಿದ್ದಾರೆ. ಯೂರಿಕ್ ಆ್ಯಸಿಡ್‌ಗೆ ಬೇಕಾದರೆ ಫೆಬುಕ್ಸೊಸ್ಟಾಟ್ ಕೊಡುತ್ತಾರಂತೆ. ಎರಡನೇ ಸೈಕಲ್, ಅಂದರೆ ಮುಂದಿನ ಸುತ್ತಿನ ಕೀಮೋ, ಎರಡು ವಾರ ಮುಂದಕ್ಕೆ ಹೋಗಿದೆ. ಅದು ತಡವಾದರೆ ಕಾಯಿಲೆ ಹೆಚ್ಚುತ್ತಾ ಅಂತ ಕೇಳಿದ್ದಕ್ಕೆ, ಈ ಕಾಯಿಲೆಗೆ ಎರಡು ವಾರ ದೊಡ್ಡದಲ್ಲ ಅಂತ ಧೈರ್ಯ ಹೇಳಿದರು.

ತುಮಕೂರಿನ ಔಷಧಿ ಅಂಗಡಿ
ಗುರುವಾರ, ಸಂಜೆ 6:00

ಓದಿ ಸಮಾಧಾನವಾಯಿತು ಮಗಳೇ. ಒಂದು ಕೆಲಸ ಮಾಡಿ. ಔಷಧಿಯಿಂದ ಆದ ತೊಂದರೆಯನ್ನು ದಾಖಲೆ ಮಾಡಲು ಸರ್ಕಾರದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಇದೆ, 2010ರಿಂದ ನಡೆಯುತ್ತಿದೆ. ಉಚಿತ ಫೋನ್ 1800-180-3024. ರೋಗಿಯ ಮನೆಯವರೇ ತುಂಬುವ ಫಾರ್ಮ್ ಕನ್ನಡದಲ್ಲೂ ಇದೆ. ಯಾರ ಮೇಲೂ ದೂರು ಕೊಟ್ಟ ಹಾಗಲ್ಲ ಅದು. ನಿಮ್ಮ ಅಪ್ಪನ ನಾಲ್ಕು ಔಷಧಿ, ನಾಲ್ಕು ತಾರೀಕು ಅಲ್ಲಿ ದಾಖಲಾದರೆ ಮುಂದೆ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತದೆ.

ಡೇ ಕೇರ್ ಸಿಸ್ಟರ್
ಗುರುವಾರ, ರಾತ್ರಿ 8:45

ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಊರಿನಲ್ಲಿ ಕಾಯಿಲೆ ಹೆಸರು ಹೇಳಲು ಅವರಿಗೆ ಇಷ್ಟವಿಲ್ಲದಿದ್ದರೆ ಬಲವಂತ ಮಾಡಬೇಡಿ. ಅದು ಅವರ ಇಷ್ಟ. ಮಾತ್ರೆಗಳ ಹೆಸರು ಮತ್ತು ಆಗದ ಔಷಧಿಯ ಹೆಸರು ಬರೆದ ಚೀಟಿ ಜೇಬಿನಲ್ಲಿರಲಿ. ಆ ಚೀಟಿಯನ್ನು ಕೊಟ್ಟರೆ ಸಾಕು, ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ. ಓದಿದ ಡಾಕ್ಟರಿಗೆ ಅರ್ಥವಾಗುತ್ತದೆ.

ಸಾಗರದ ಮಗಳು
ನಾಲ್ಕು ವಾರದ ನಂತರ, ಶುಕ್ರವಾರ, ರಾತ್ರಿ 9:20

ಎಲ್ಲರೂ ಕೇಳಿದ್ದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಎರಡನೇ ಸೈಕಲ್ ಆಗಿ ಇವತ್ತಿಗೆ ಒಂಬತ್ತು ದಿನ. ದಿನಾ ಸಂಜೆ ಅಮ್ಮ ಬಾಗಿಲ ಬೆಳಕಿನಲ್ಲಿ ಅಪ್ಪನ ಬೆನ್ನು ನೋಡುತ್ತಾರೆ, ಕೈಯಾಡಿಸುತ್ತಾರೆ, ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಒಂದು ಗೆರೆ ಎಳೆಯುತ್ತಾರೆ. ಇಲ್ಲಿಯವರೆಗೆ ಏನೂ ಇಲ್ಲ.

ಚೀಟಿ ಬರೆದು ಲ್ಯಾಮಿನೇಟ್ ಮಾಡಿಸಿದೆ. ಅಪ್ಪ ಅದನ್ನು ಎಲೆ ಅಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇಟ್ಟುಕೊಂಡಿದ್ದಾರೆ. ಆ ಸಂಚಿ ಬಿಟ್ಟು ಅವರು ಎಲ್ಲಿಗೂ ಹೋಗುವುದಿಲ್ಲ. ನಿನ್ನೆ ತಾವಾಗಿಯೇ ಊರಿನ ಕ್ಲಿನಿಕ್‌ಗೆ ಹೋಗಿ ಡಾಕ್ಟರಿಗೆ ತೋರಿಸಿ ಬಂದರಂತೆ. ಅವರು ಓದಿ, ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಮಾತಾಡಿ, ತಮ್ಮ ಸ್ವಂತ ಫೋನ್ ನಂಬರನ್ನು ಚೀಟಿಯ ಹಿಂದೆ ಬರೆದುಕೊಟ್ಟಿದ್ದಾರೆ.